ಸೀಟಿನ ಕೆಳಗಿನ ಸ್ವಿಚ್ಚು, ಅಪ್ಪನ ಸ್ಕ್ರೂಡ್ರೈವರ್

ಭಾನುವಾರ ಬೆಳಿಗ್ಗೆ ಆರು ಗಂಟೆ. ಕಾರಹುಣ್ಣಿವೆ ಮುಗಿದು ಬಿತ್ತನೆಯ ಗಡಿಬಿಡಿ ಶುರುವಾಗಿದ್ದ ಹೊತ್ತು. ವಾರಾಂತ್ಯಕ್ಕೆಂದು ಬೆಂಗಳೂರಿನಿಂದ ಕದರಮಂಡಲಗಿಗೆ ಬಂದವಳು ಇನ್ನೂ ಹಾಸಿಗೆಯಲ್ಲೇ ಇದ್ದೆ. ಅಮೆರಿಕದ ಶಾರ್ಲೆಟ್‌ನಿಂದ ಅಣ್ಣನ ವಿಡಿಯೊ ಕಾಲ್. ಅಲ್ಲಿ ಶನಿವಾರ ರಾತ್ರಿ ಎಂಟೂವರೆ. ಬೇಸಿಗೆಯಾದ್ದರಿಂದ ಇನ್ನೂ ಬೆಳಕಿತ್ತು.

"ಫೋನ್ ಅಪ್ಪಂಗ ಕೊಡು. ಗಾಡಿ ಚಾಲೂ ಆಗವಲ್ದು."

ಗಾಡಿ ಅಂದರೆ ಕಾರಲ್ಲ, ಹುಲ್ಲು ಕತ್ತರಿಸುವ ಗಾಡಿ. ಮೇಲೆ ಕೂತು ಓಡಿಸುವ ಪುಟ್ಟ ಟ್ರ್ಯಾಕ್ಟರ್‌ನಂಥ ಮಷೀನು. ಮನೆ ಸುತ್ತ ಅರ್ಧ ಎಕರೆ ಹುಲ್ಲು, ಅಲ್ಲಿ ಅದನ್ನು ಬೆಳೆಯಲು ಬಿಟ್ಟರೆ ಅಕ್ಕಪಕ್ಕದವರು ಮುಖ ಸಿಂಡರಿಸುತ್ತಾರೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಆ ಗಾಡಿ ಆವತ್ತು ಕೀ ತಿರುಗಿಸಿದರೆ 'ಟಿಕ್' ಅಂತಲೂ ಅನ್ನುತ್ತಿರಲಿಲ್ಲ. ಪರಿಚಯದವರು ಯಾರೋ ಹೇಳಿದ್ದರಂತೆ: "ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತೆ, ಯಾವಾಗಲೂ ಅದೇ ಕೈಕೊಡೋದು. ಎರಡು ವೈರ್ ಜೋಡಿಸಿ ಟೇಪ್ ಸುತ್ತಿಬಿಡು." ಅಣ್ಣ ಆಗಲೇ ವೈರ್ ತುದಿ ಹೆರೆದು ಇಟ್ಟುಕೊಂಡಿದ್ದ.

ಅಪ್ಪ ಚಹಾ ಕಪ್ಪು ಕೆಳಗಿಟ್ಟ. "ಆ ವೈರ್ ಜೋಡಸಬ್ಯಾಡ. ಸ್ವಿಚ್ ಇಟ್ಟಾವ ದಡ್ಡ ಅಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಯಾಕೆಂದರೆ ನಮ್ಮ ಟ್ರ್ಯಾಕ್ಟರ್‌ನ ಸೀಟಿನ ಪಕ್ಕ ಒಂದು ಉದ್ದನೆಯ ಸ್ಕ್ರೂಡ್ರೈವರ್ ಸದಾ ಇರುತ್ತದೆ. ಹತ್ತು ವರ್ಷದಿಂದ ಅಪ್ಪ ಟ್ರ್ಯಾಕ್ಟರ್ ಚಾಲೂ ಮಾಡುವುದು ಕೀಯಿಂದಲ್ಲ. ಕೆಳಗೆ ನಿಂತು ಸ್ಟಾರ್ಟರ್ ಮೋಟರಿನ ಎರಡು ಬೋಲ್ಟಿಗೆ ಆ ಸ್ಕ್ರೂಡ್ರೈವರ್ ಅಡ್ಡ ಇಟ್ಟು, ಕಿಡಿ ಹಾರಿಸಿ.

"ಮತ್ತ ನೀವು?" ಅಂದೆ.

ಅಪ್ಪ ಮಾತಾಡಲಿಲ್ಲ.

ಮೂವರ ದರ್ಶನ ಆದರೇನೇ ಫಲ

ಮೊದಲು ಅಣ್ಣನ ಗಾಡಿ ನೋಡೋಣ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಮೂರು ಸುರಕ್ಷತಾ ಸ್ವಿಚ್‌ಗಳಿರುತ್ತವೆ. ಒಂದು ಸೀಟಿನ ಕೆಳಗೆ: ಮೇಲೆ ಮನುಷ್ಯ ಇದ್ದಾನೋ ಇಲ್ಲವೋ ನೋಡುತ್ತದೆ. ಇನ್ನೊಂದು ಬ್ರೇಕ್-ಕ್ಲಚ್ ಪೆಡಲಿನ ಹತ್ತಿರ: ಪೆಡಲ್ ಪೂರ್ತಿ ಒತ್ತಿದೆಯೋ ಇಲ್ಲವೋ. ಮೂರನೆಯದು ಬ್ಲೇಡಿನದು: ಕತ್ತರಿಸುವ ಅಲಗು ಆಫ್ ಇದೆಯೋ ಇಲ್ಲವೋ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ. ಮೂವರು ಹನುಮಪ್ಪರನ್ನು ಒಂದೇ ದಿನ ನೋಡಿ ಬಂದರೆ ಹರಕೆ ಫಲಿಸುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಹಾಗೆ. ಬ್ಯಾಟರಿಯಿಂದ ಹೊರಟ ಕರೆಂಟು ಕೀ ದಾಟಿ, ಈ ಸ್ವಿಚ್‌ಗಳನ್ನು ಒಂದಾದ ಮೇಲೊಂದು ಹಾದು ಸ್ಟಾರ್ಟರ್ ತಲುಪಬೇಕು. ಎರಡು ಕಡೆ ಹೋಗಿ ಒಂದು ಬಿಟ್ಟರೂ ಗಾಡಿ ಗಪ್‌ಚಿಪ್. ಯಾವ ಸ್ವಿಚ್ ಚಾಲೂ ಮಾಡುವ ದಾರಿಯಲ್ಲಿದೆ, ಯಾವುದು ಓಡುವ ಎಂಜಿನ್ ನಿಲ್ಲಿಸುವ ದಾರಿಯಲ್ಲಿದೆ ಅನ್ನುವುದು ಮಾದರಿಯಿಂದ ಮಾದರಿಗೆ ಸ್ವಲ್ಪ ಬದಲಾಗುತ್ತದೆ. ತತ್ವ ಮಾತ್ರ ಒಂದೇ.

ಗಾಡಿ ಓಡುವಾಗಲೂ ಇವು ಕಾವಲು ಕಾಯುತ್ತವೆ. ಬ್ಲೇಡ್ ತಿರುಗುತ್ತಿರುವಾಗ ನೀವು ಸೀಟಿನಿಂದ ಎದ್ದರೆ ಎಂಜಿನ್ ಬಂದ್ ಆಗಬೇಕು, ಬ್ಲೇಡೂ ನಿಲ್ಲಬೇಕು. ಅನೇಕ ಕೈಪಿಡಿಗಳು ಇದಕ್ಕೆ ಕೊಡುವ ಗಡುವು 5 ಸೆಕೆಂಡ್. ಕೈಯಲ್ಲಿ ತಳ್ಳಿಕೊಂಡು ನಡೆಯುವ ಹುಲ್ಲು ಮಷೀನಿಗೆ ಅಮೆರಿಕದಲ್ಲಿ 1982ರಿಂದ ನಿಯಮವೇ ಇದೆ: ಹಿಡಿಕೆ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕು.

ಟಾರ್ಚ್ ಬೆಳಕಿನಲ್ಲಿ ಹುಡುಕಾಟ

ಅಪ್ಪ ಇಂಗ್ಲಿಷ್ ಕೈಪಿಡಿ ಓದಿದವನಲ್ಲ. ಆದರೆ ದೋಷ ಹುಡುಕುವ ಕ್ರಮ ಅವನಿಗೆ ಗೊತ್ತು: ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

"ಮೊದ್ಲ ಕೀ ತಗೀ. ಪ್ಲಗ್ಗಿನ ವೈರ್ ಬಿಚ್ಚು. ಆಮ್ಯಾಲ ಕೈ ಹಾಕು." ಪೆಟ್ರೋಲ್ ಗಾಡಿಯಲ್ಲಿ ಸ್ಪಾರ್ಕ್ ಪ್ಲಗ್ ವೈರ್ ತೆಗೆದಿಟ್ಟರೆ ಅಪ್ಪಿತಪ್ಪಿಯೂ ಎಂಜಿನ್ ಹತ್ತುವುದಿಲ್ಲ.

ಆಮೇಲೆ ಒಂದೊಂದಾಗಿ.

ಬ್ಯಾಟರಿ: ಮಲ್ಟಿಮೀಟರ್ ಇಟ್ಟರೆ 12.6 ವೋಲ್ಟ್ ಬಂತು. ಅಂದರೆ ಪೂರ್ತಿ ಚಾರ್ಜ್ ಇದೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಇದ್ದರೆ ಉಜ್ಜಬೇಕು, ಸಡಿಲ ಇದ್ದರೆ ಬಿಗಿಯಬೇಕು. ಎಷ್ಟೋ ಸಲ ರೋಗ ಇಲ್ಲೇ ವಾಸಿಯಾಗುತ್ತದೆ.

ಫ್ಯೂಸ್: ಸರಿಯಿತ್ತು.

ಬ್ಲೇಡ್ ಸ್ವಿಚ್: ಆಫ್‌ನಲ್ಲೇ ಇತ್ತು. ಒಂದು ಸಲ ಆನ್ ಮಾಡಿ ಮತ್ತೆ ಆಫ್ ಮಾಡಿಸಿದ. ಅರ್ಧಕ್ಕೆ ನಿಂತಿದ್ದರೂ ಮಷೀನು 'ಆನ್' ಅಂದುಕೊಳ್ಳುತ್ತದೆ.

ಸೀಟಿನ ಸ್ವಿಚ್: ಕನೆಕ್ಟರ್ ತೆಗೆದು ನೋಡಿದರೆ ತುಕ್ಕಿಲ್ಲ, ಸಡಿಲವೂ ಇಲ್ಲ. ಸೀಟ್ ಒತ್ತಿದಾಗ, ಬಿಟ್ಟಾಗ ಮೀಟರ್ ಬದಲಾಗುತ್ತಿತ್ತು. ಅಂದರೆ ಎಲ್ಲರೂ ಬೈಯುತ್ತಿದ್ದ ಸ್ವಿಚ್ ನಿರಪರಾಧಿ.

ಕೊನೆಗೆ ಪೆಡಲ್. "ಪೂರ್ತಿ ಒತ್ತು. ಕೆಳಗ ಬ್ಯಾಟರಿ ಬಿಡು," ಅಂದ ಅಪ್ಪ. ಟಾರ್ಚಿಗೆ ನಮ್ಮೂರಲ್ಲಿ ಬ್ಯಾಟರಿ ಅಂತಲೇ ಹೆಸರು. ಅತ್ತಿಗೆ ಪೆಡಲ್ ಒತ್ತಿದಳು, ಅಣ್ಣ ಫೋನ್ ಹಿಡಿದು ಕೆಳಗೆ ಬಗ್ಗಿದ. ಹೋದ ವರ್ಷದ ಒಣಹುಲ್ಲು ಸಗಣಿಯ ಹಾಗೆ ಗಟ್ಟಿಯಾಗಿ ಪೆಡಲಿನ ಸಂದಿಗೆ ಮೆತ್ತಿಕೊಂಡಿತ್ತು. ಪೆಡಲ್ ಪೂರ್ತಿ ಕೆಳಗೆ ಬರುತ್ತಲೇ ಇರಲಿಲ್ಲ. ಸ್ವಿಚ್ಚಿನ ಗುಂಡಿಗೂ ಪೆಡಲಿನ ತೋಳಿಗೂ ನಡುವೆ ಒಂದು ಕಡ್ಡಿ ದಪ್ಪದ ಸಂದು.

ಹುಲ್ಲು ಕೆರೆದು, ಸಂದಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಪ್ಲಗ್ ವೈರ್ ಹಾಕಿ ಕೀ ತಿರುಗಿಸಿದ. ಒಂದೇ ಏಟಿಗೆ ಎಂಜಿನ್ ಹತ್ತಿತು.

ಆ ಎರಡು ವೈರ್ ಜೋಡಿಸಿದ್ದರೆ? ಗಾಡಿ ಆಗಲೂ ಚಾಲೂ ಆಗುತ್ತಿರಲಿಲ್ಲ, ದೋಷ ಅಲ್ಲಿರಲೇ ಇಲ್ಲ. ಆದರೆ ಆ ಜೋಡಣೆ ಹಾಗೇ ಉಳಿದುಬಿಡುತ್ತಿತ್ತು. ಅಣ್ಣನ ಮಗನಿಗೆ ಐದು ವರ್ಷ. ಅಪ್ಪನ ಗಾಡಿ ಸದ್ದು ಕೇಳಿದರೆ ಓಡಿ ಬರುವ ವಯಸ್ಸು.

ರಿಪೇರಿ ಆದ ಮೇಲೆ ಮೂರು ಪರೀಕ್ಷೆ ಮಾಡಲೇಬೇಕು. ಪೆಡಲ್ ಒತ್ತದೆ ಕೀ ತಿರುಗಿಸಿ: ಹತ್ತಬಾರದು. ಪೆಡಲ್ ಒತ್ತಿ, ಬ್ಲೇಡ್ ಆನ್ ಇಟ್ಟು ತಿರುಗಿಸಿ: ಆಗಲೂ ಹತ್ತಬಾರದು. ಗಾಡಿ ನಿಂತಲ್ಲೇ ಬ್ಲೇಡ್ ತಿರುಗುವಾಗ ಕಾಲು ಕೆಳಗಿಡದೆ ಸೀಟಿನಿಂದ ಸ್ವಲ್ಪ ಏಳಿ: ಎಂಜಿನ್ ಸಾಯಬೇಕು. ಮೂರರಲ್ಲಿ ಒಂದು ತಪ್ಪಿದರೂ ಹುಲ್ಲು ಕತ್ತರಿಸುವುದು ಬೇಡ.

ಪೆಡಲ್ ಒಂದೇ, ಕೆಲಸ ಎರಡು

ಇಂಥ ಬಹಳಷ್ಟು ಗಾಡಿಗಳಲ್ಲಿ ಕ್ಲಚ್ ಅಂದರೆ ಪ್ಲೇಟ್ ಅಲ್ಲ, ಬೆಲ್ಟು. ಪೆಡಲ್ ಒತ್ತುತ್ತಿದ್ದಂತೆ ಒಂದು ಪುಟ್ಟ ಪುಲ್ಲಿ ಹಿಂದೆ ಸರಿದು ಬೆಲ್ಟ್ ಸಡಿಲವಾಗುತ್ತದೆ, ಗಾಲಿಗೆ ಹೋಗುವ ಶಕ್ತಿ ನಿಲ್ಲುತ್ತದೆ. ಇನ್ನೂ ಒತ್ತಿದರೆ ಬ್ರೇಕ್ ಹಿಡಿಯುತ್ತದೆ. ಆದ್ದರಿಂದ ಪೆಡಲ್ ಒತ್ತಿದರೂ ಗಾಡಿ ತೆವಳುತ್ತಿದ್ದರೆ ಬೆಲ್ಟ್ ಪೂರ್ತಿ ಬಿಡುತ್ತಿಲ್ಲ ಅಥವಾ ಬ್ರೇಕ್ ಪ್ಯಾಡ್ ಸವೆದಿದೆ. ಪೆಡಲ್ ಬಿಟ್ಟರೂ ಗಾಡಿ ಮುಂದೆ ಹೋಗದಿದ್ದರೆ ಬೆಲ್ಟ್ ಹಿಗ್ಗಿದೆ, ನುಣುಪಾಗಿ ಹೊಳೆಯುತ್ತಿದೆ, ಇಲ್ಲವೇ ಪುಲ್ಲಿ ಎಳೆಯುವ ಸ್ಪ್ರಿಂಗ್ ತುಂಡಾಗಿದೆ.

ಹೈಡ್ರೋಸ್ಟಾಟಿಕ್ ಗಾಡಿಯಾದರೆ ಇನ್ನೊಂದು ನೋಡಿ. ಎಂಜಿನ್ ಬಂದ್ ಇದ್ದಾಗ ತಳ್ಳಿಕೊಂಡು ಹೋಗಲು ಹಿಂದೆ ಒಂದು ಲಿವರ್ ಇರುತ್ತದೆ. ಅದನ್ನು ಎಳೆದು ಮರೆತರೆ ಗಾಡಿ ಎಷ್ಟು ರೇಸ್ ಕೊಟ್ಟರೂ ಅಲುಗುವುದಿಲ್ಲ. ಇಳಿಜಾರಿನಲ್ಲಿ ಆ ಲಿವರ್ ಮುಟ್ಟಲೇಬೇಡಿ, ಗಾಡಿ ಉರುಳಿಕೊಂಡು ಹೋಗುತ್ತದೆ.

ಅಪ್ಪ ಹೇಳದೇ ಇದ್ದದ್ದು

ಕಾಲ್ ಮುಗಿದ ಮೇಲೆ ಅಪ್ಪ ಹಿತ್ತಲಿಗೆ ಹೋಗಿ ಟ್ರ್ಯಾಕ್ಟರ್ ಮುಂದೆ ನಿಂತ. ನಾನೂ ಹೋದೆ.

"ನಾಕು ವರ್ಷದ ಹಿಂದ ಗ್ವಾದ್ಲಿ ಗ್ವಾಡಿ ಬಿತ್ತಲ್ಲ, ನೆಪ್ಪೈತೇನು?"

ನೆನಪಿತ್ತು. ಮಳೆಗೆ ಬಿತ್ತು ಅಂದಿದ್ದರು.

"ಮಳಿಗೆ ಅಲ್ಲ."

ಆವತ್ತು ಟ್ರ್ಯಾಕ್ಟರ್ ಗೇರಿನಲ್ಲಿತ್ತು. ಅಪ್ಪನಿಗೆ ಗೊತ್ತಿರಲಿಲ್ಲ. ಎಂದಿನಂತೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ನಿಂತು ಸ್ಕ್ರೂಡ್ರೈವರ್ ಅಡ್ಡ ಇಟ್ಟ. ಟ್ರ್ಯಾಕ್ಟರ್ ಜಿಗಿಯಿತು. ಹಿಂದಿನ ದೊಡ್ಡ ಗಾಲಿ ಬರುವ ದಾರಿಯಲ್ಲೇ ಅವನು ನಿಂತಿದ್ದ. ಹೊರಗೆ ಹಾರಿದ, ಮೊಣಕಾಲು ಕಿತ್ತಿತು. ಟ್ರ್ಯಾಕ್ಟರ್ ಹೋಗಿ ಗೋಡೆಗೆ ಬಡಿದು ಬಂದ್ ಆಯಿತು. ಅವ್ವನಿಗೆ ಮಾತ್ರ ಗೊತ್ತು. ನಮ್ಮಿಬ್ಬರಿಗೂ ಹೇಳಬೇಡ ಅಂದಿದ್ದನಂತೆ.

"ಅದಾದ ಮ್ಯಾಲೂ ಹಂಗ ಚಾಲೂ ಮಾಡ್ತೀರಲ್ಲ?"

"ಗೇರ್ ನೋಡಿ ಮಾಡ್ತೀನವಾ ಈಗ."

ಟ್ರ್ಯಾಕ್ಟರ್ ಸುಮಾರು 2 ಟನ್ ತೂಗುತ್ತದೆ. ಅದು ಯಾಕೆ ಜಿಗಿಯುತ್ತದೆ ಅಂತ ತಿಳಿದುಕೊಳ್ಳಬೇಕು. ಕೀ ತಿರುಗಿಸಿ ಚಾಲೂ ಮಾಡಿದರೆ ಕರೆಂಟು ಸುರಕ್ಷತಾ ಸ್ವಿಚ್ ದಾಟಿ ಹೋಗುತ್ತದೆ. ಕ್ಲಚ್ ಒತ್ತಿರಬೇಕು ಇಲ್ಲವೇ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಇಲ್ಲದಿದ್ದರೆ ಸ್ಟಾರ್ಟರ್ ತಿರುಗುವುದೇ ಇಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟರೆ ಕೀಯನ್ನೂ ಸ್ವಿಚ್ಚನ್ನೂ ಬಿಟ್ಟು ಬ್ಯಾಟರಿಯ ಶಕ್ತಿ ನೇರ ಮೋಟರಿಗೆ. ಗೇರ್ ಬಿದ್ದಿದ್ದರೆ ಮೋಟರ್ ಎಂಜಿನ್ ಜೊತೆಗೆ ಗಾಲಿಯನ್ನೂ ತಿರುಗಿಸುತ್ತದೆ. ಹಳೆಯ ಡೀಸೆಲ್ ಎಂಜಿನ್‌ಗೆ ಓಡಲು ಕೀ ಬೇಕಿಲ್ಲ, ಕರೆಂಟೂ ಬೇಕಿಲ್ಲ. ಡೀಸೆಲ್ ಸಿಕ್ಕರೆ ಸಾಕು, ಹತ್ತಿಕೊಂಡು ಹೊರಟೇಬಿಡುತ್ತದೆ. ನಿಲ್ಲಿಸಬೇಕೆಂದರೆ ಮೇಲೆ ಹತ್ತಿ ಸ್ಟಾಪ್ ಗುಂಡಿ ಎಳೆಯಬೇಕು. ಕೆಳಗೆ ಬಿದ್ದವನ ಕೈಗೆ ಅದು ಎಟುಕುತ್ತದೆಯೇ?

ಅಪ್ಪ ಮೊದಲ ಸಲ ಹೀಗೆ ಮಾಡಿದ್ದು ಸೋಮಾರಿತನಕ್ಕಲ್ಲ. ಕ್ಲಚ್ ಪೆಡಲಿನ ಸ್ವಿಚ್ ಬಿತ್ತನೆಯ ದಿನವೇ ಕೆಟ್ಟಿತ್ತು. ಸಾಮಾನು ಬರಲು ನಾಲ್ಕು ದಿನ ಅಂದರು. ಹೊಲದಲ್ಲಿ ಹದ ಇತ್ತು. ಹದ ಯಾರಿಗೂ ಕಾಯುವುದಿಲ್ಲ. ಒಂದು ದಿನಕ್ಕೆ ಅಂತ ಮಾಡಿದ್ದು ಹತ್ತು ವರ್ಷ ನಡೆಯಿತು.

ಇದನ್ನು ಕೇಳಿ ನಾನು ಬುದ್ಧಿ ಹೇಳುವ ಹಾಗಿರಲಿಲ್ಲ. ನಾನು ಆಫೀಸಿನಲ್ಲಿ ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್. ರಿಲೀಸ್ ದಿನ ರಾತ್ರಿ ಒಂದು ಟೆಸ್ಟ್ ಪದೇಪದೇ ಫೇಲ್ ಆದಾಗ 'ನಾಳೆ ನೋಡೋಣ' ಅಂತ ಆ ಟೆಸ್ಟನ್ನೇ ಆಫ್ ಮಾಡಿದ್ದೇನೆ. ಅದು ತಿಂಗಳುಗಟ್ಟಲೆ ಆಫ್ ಆಗಿಯೇ ಇತ್ತು. ನನ್ನ ಕೆಲಸದಲ್ಲಿ ಗೋಡೆ ಬೀಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಎರಡು ಬ್ರೇಕ್, ಒಂದು ಕೊಂಡಿ

ಸ್ವಿಚ್ ನೋಡಲು ಮಿಸ್ತ್ರಿಯನ್ನು ಕರೆಸಿದೆವು. ಬಂದವನು ಮೊದಲು ನೋಡಿದ್ದು ಬ್ರೇಕ್.

ಟ್ರ್ಯಾಕ್ಟರ್‌ಗೆ ಎರಡು ಬ್ರೇಕ್ ಪೆಡಲ್. ಎಡದ್ದು ಎಡಗಾಲಿಗೆ, ಬಲದ್ದು ಬಲಗಾಲಿಗೆ. ಹೊಲದ ತುದಿಯಲ್ಲಿ ಸಣ್ಣ ಜಾಗದಲ್ಲಿ ತಿರುಗಿಸಲು ಒಂದೇ ಗಾಲಿ ಹಿಡಿಯಬೇಕಾಗುತ್ತದೆ, ಅದಕ್ಕೇ ಈ ಏರ್ಪಾಡು. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸಲು ಒಂದು ಕೊಂಡಿ ಇದೆ. ನಮ್ಮದು ಎಂದೋ ಬಿಚ್ಚಿದ್ದು, ತುಕ್ಕು ಹಿಡಿದು ಪಕ್ಕಕ್ಕೆ ಜೋತುಬಿದ್ದಿತ್ತು. ಕೊಂಡಿ ಇಲ್ಲದೆ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಗಾಬರಿಯಲ್ಲಿ ಕಾಲು ಒಂದೇ ಪೆಡಲ್ ಮೇಲೆ ಬಿದ್ದರೆ, ಒಂದು ಗಾಲಿ ಹಿಡಿದು ಇನ್ನೊಂದು ಓಡುತ್ತದೆ. ಟ್ರ್ಯಾಕ್ಟರ್ ಗಿರ್ರನೆ ತಿರುಗಿ ಪಲ್ಟಿ.

ಹಿಂದೆ ಟ್ರೇಲರ್ ಇದ್ದರೆ ಇನ್ನೂ ಕಷ್ಟ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇರುವುದು ಅಪರೂಪ. ಮೆಣಸಿನಕಾಯಿ ಚೀಲ ಒಟ್ಟಿಕೊಂಡು ಬ್ಯಾಡಗಿ ಮಾರುಕಟ್ಟೆಗೆ ಹೋಗುವಾಗ ಅಷ್ಟೂ ಭಾರವನ್ನು ನಿಲ್ಲಿಸಬೇಕಾದದ್ದು ಟ್ರ್ಯಾಕ್ಟರ್‌ನ ಎರಡು ಗಾಲಿ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ಎರಡಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಎಂಜಿನ್‌ನ ಹಿಡಿತ ತಪ್ಪಿ ಟ್ರೇಲರ್ ಹಿಂದಿನಿಂದ ದಬ್ಬಲು ಶುರು ಮಾಡುತ್ತದೆ. ಇಳಿಯುವ ಮೊದಲೇ ಕೆಳಗಿನ ಗೇರ್ ಹಾಕಿಕೊಳ್ಳಬೇಕು.

ಬ್ರೇಕಿನ ಲಕ್ಷಣಗಳನ್ನು ಮಿಸ್ತ್ರಿ ಹೀಗೆ ಹೇಳಿದ:

ಪೆಡಲ್ ಆಳಕ್ಕೆ ಹೋಗುತ್ತಿದ್ದರೆ: ಆಟ ಜಾಸ್ತಿಯಾಗಿದೆ, ಅಡ್ಜಸ್ಟ್ ಮಾಡಬೇಕು. ಮಾಡಿದರೂ ಹಾಗೇ ಇದ್ದರೆ ಲೈನಿಂಗ್ ಸವೆದಿದೆ.

ಒಂದೇ ಕಡೆ ಎಳೆಯುತ್ತಿದ್ದರೆ: ಎರಡರ ಹೊಂದಾಣಿಕೆ ಸಮ ಇಲ್ಲ, ಅಥವಾ ಸೀಲ್ ಸೋರಿ ಒಂದು ಕಡೆ ಎಣ್ಣೆ ಬಿದ್ದಿದೆ.

ಸುಟ್ಟ ವಾಸನೆ ಬಂದರೆ: ಬ್ರೇಕ್ ಪೂರ್ತಿ ಬಿಡುತ್ತಿಲ್ಲ. ಮೊದಲು ಹ್ಯಾಂಡ್‌ಬ್ರೇಕ್ ಇಳಿಸಿದ್ದೀರೋ ನೋಡಿ.

ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇರುವ ಟ್ರ್ಯಾಕ್ಟರ್‌ಗಳಿಗೆ ಕೆಸರು, ಧೂಳಿನ ಕಾಟ ಕಡಿಮೆ. ಆದರೆ ಕಂಪನಿ ಹೇಳಿದ ಎಣ್ಣೆ, ಹೇಳಿದ ಮಟ್ಟದಲ್ಲೇ ಇರಬೇಕು.

ಕೊನೆಗೆ ಬಯಲಿನಲ್ಲಿ ನಿಧಾನಕ್ಕೆ ಓಡಿಸಿ, ಎರಡೂ ಪೆಡಲ್ ಜೋಡಿಸಿ ಒತ್ತಿ ನೋಡಿ. ಮಣ್ಣಿನ ಮೇಲೆ ಎರಡೂ ಗಾಲಿಯ ಗುರುತು ಒಂದೇ ಉದ್ದ ಇದ್ದರೆ ಸರಿ.

ಕ್ಲಚ್ ಕಾಲಿಡುವ ಮಣೆ ಅಲ್ಲ

ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಕೂರುವವರಿಗೆ ಇದು ಗೊತ್ತಿರುತ್ತದೆ. ಟ್ರ್ಯಾಕ್ಟರ್ ಓಡಿಸುವವರೂ ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಉಳುಮೆ ಮಾಡುತ್ತಾರೆ. ಅಷ್ಟು ಭಾರಕ್ಕೇ ಪ್ಲೇಟ್ ಉಜ್ಜಿ ಸವೆಯುತ್ತದೆ, ಬೇರಿಂಗ್ ಹಾಳಾಗುತ್ತದೆ.

ಎಂಜಿನ್ ಕೂಗುತ್ತದೆ, ಟ್ರ್ಯಾಕ್ಟರ್ ಎಳೆಯುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ: ಪೆಡಲಿನಲ್ಲಿ ಆಟ ಇಲ್ಲ, ಪ್ಲೇಟ್ ಸವೆದಿದೆ ಅಥವಾ ಎಣ್ಣೆ ತಾಗಿದೆ. ಪೂರ್ತಿ ಒತ್ತಿದರೂ ಗೇರ್ 'ಕರ್ರ್' ಅಂದರೆ ಕ್ಲಚ್ ಬಿಡುತ್ತಿಲ್ಲ: ಆಟ ಅತಿಯಾಗಿದೆ, ಇಲ್ಲವೇ ಮಳೆಗಾಲ ಪೂರ್ತಿ ನಿಂತಲ್ಲೇ ನಿಂತು ಪ್ಲೇಟ್ ತುಕ್ಕಿಗೆ ಅಂಟಿದೆ. ಒತ್ತಿದಾಗ ಮಾತ್ರ ಕೀರಲು ಸದ್ದು ಬಂದರೆ ಬೇರಿಂಗ್ ಹೋಗಿದೆ. ಪೆಡಲಿನ ಆಟ ಎಷ್ಟಿರಬೇಕು ಅನ್ನುವುದು ನಿಮ್ಮ ಟ್ರ್ಯಾಕ್ಟರ್‌ನ ಪುಸ್ತಕದಲ್ಲಿದೆ. ಸ್ಕೇಲ್ ಇಟ್ಟು ಅಳೆಯಲು ಎರಡು ನಿಮಿಷ ಸಾಕು.

ಇನ್ನೊಂದು ಮಾತು ತುಂಬಾ ಮುಖ್ಯ. ಡಬಲ್ ಕ್ಲಚ್ ಇರುವ ಟ್ರ್ಯಾಕ್ಟರ್‌ನಲ್ಲಿ ಪೆಡಲ್ ಅರ್ಧ ಒತ್ತಿದರೆ ಗಾಲಿ ಮಾತ್ರ ನಿಲ್ಲುತ್ತದೆ. ಹಿಂದಿನ ಪಿಟಿಒ ಶಾಫ್ಟ್, ಅದಕ್ಕೆ ಜೋಡಿಸಿದ ರೋಟಾವೇಟರ್ ಅಥವಾ ಗೋವಿನಜೋಳದ ಒಕ್ಕಣೆ ಮಷೀನು ತಿರುಗುತ್ತಲೇ ಇರುತ್ತದೆ. 'ಟ್ರ್ಯಾಕ್ಟರ್ ನಿಂತೈತಿ' ಅಂದುಕೊಂಡು ಹಿಂದೆ ಹೋದವರ ಧೋತರದ ತುದಿಯೋ ಸೀರೆಯ ಸೆರಗೋ ಸಿಕ್ಕಿಕೊಳ್ಳುವುದು ಆಗಲೇ. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. 'ಅಯ್ಯೋ' ಅನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಕ್ಕಣೆ ಯಂತ್ರಗಳ ಅಪಾಯವನ್ನು ನೋಡಿಯೇ ದೇಶದಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಕಾಯ್ದೆ ಇದ್ದರೂ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ಮೂಲೆಗೆ ಎಸೆಯುವವರು ನಾವೇ.

ಹಿಂದೆ ಹೋಗುವ ಮೊದಲು ಪಿಟಿಒ ಬಂದ್, ಎಂಜಿನ್ ಬಂದ್, ಹ್ಯಾಂಡ್‌ಬ್ರೇಕ್ ಹಾಕಿ, ಕೀ ಜೇಬಿಗೆ. ಇದೇ ಕ್ರಮ.

ಊರಿಗೆ ಹೋದಾಗ ಹತ್ತು ನಿಮಿಷ

ನಮ್ಮ ತಲೆಮಾರಿನವರು ಊರಿಗೆ ಹೋದರೆ ಅಪ್ಪ-ಅವ್ವನ ಫೋನಿಗೆ ಆ್ಯಪ್ ಹಾಕಿಕೊಡುತ್ತೇವೆ, ಬಿಪಿ ನೋಡಿಸುತ್ತೇವೆ. ಮುಂದಿನ ಸಲ ಹತ್ತು ನಿಮಿಷ ಟ್ರ್ಯಾಕ್ಟರ್ ಸುತ್ತ ಒಂದು ಸುತ್ತು ಹಾಕಿ. ಕೀಯಿಂದ ಚಾಲೂ ಆಗುತ್ತದೋ? ಗೇರಿನಲ್ಲಿದ್ದಾಗ ಕ್ಲಚ್ ಒತ್ತದೆ ಕೀ ತಿರುಗಿಸಿದರೆ ಸ್ಟಾರ್ಟರ್ ಸುಮ್ಮನಿರಬೇಕು, ಇರುತ್ತದೋ? ಇದನ್ನು ಎದುರಿಗೆ ಯಾರೂ, ಏನೂ ಇಲ್ಲದ ಬಯಲಿನಲ್ಲಿ, ಸೀಟಿನ ಮೇಲೆ ಕೂತು, ಬ್ರೇಕ್ ಒತ್ತಿ ಹಿಡಿದೇ ನೋಡಬೇಕು. ಬ್ರೇಕ್ ಕೊಂಡಿ ಇದೆಯೋ? ಪಿಟಿಒ ಕವರ್ ಇದೆಯೋ? ಇಲ್ಲ ಅಂದರೆ ಬೈಯಬೇಡಿ, ಮಿಸ್ತ್ರಿಗೆ ಫೋನ್ ಮಾಡಿ. ಬಿತ್ತನೆಗೆ ಮೊದಲು ಮಾಡಿ, ಹದ ಬಂದ ಮೇಲೆ ಯಾರೂ ನಿಲ್ಲುವುದಿಲ್ಲ.

ನಮ್ಮ ಟ್ರ್ಯಾಕ್ಟರ್‌ಗೆ ಹೊಸ ಸ್ವಿಚ್ ಹಾಕಲು ಮಿಸ್ತ್ರಿಗೆ ಅರ್ಧ ಗಂಟೆ ಹಿಡಿಯಿತು. ಸ್ವಿಚ್ಚಿಗೆ ಕೊಟ್ಟ ದುಡ್ಡು ನಾನು ಆನ್‌ಲೈನ್‌ನಲ್ಲಿ ತರಿಸುವ ಒಂದು ಪಿಜ್ಜಾದಷ್ಟೂ ಆಗಲಿಲ್ಲ. ಅಪ್ಪ ಸೀಟಿನ ಮೇಲೆ ಕೂತು, ಕ್ಲಚ್ ಒತ್ತಿ, ಕೀ ತಿರುಗಿಸಿದ. ಹತ್ತು ವರ್ಷದ ಮೇಲೆ ಮೊದಲ ಸಲ.

ಸ್ಕ್ರೂಡ್ರೈವರ್ ಎಲ್ಲಿ ಅಂತ ಕೇಳಿದೆ. ಅವ್ವ ಒಳಗಿನಿಂದಲೇ ಕೂಗಿದಳು: "ನಾ ತಗದಿಟ್ಟೀನಿ. ಕೇಳಿದ್ರ ಕೊಡಂಗಿಲ್ಲ."